ಐದು ದಿನದ ಮರಳು ರ‍್ಯಾಲಿಯಲ್ಲಿ ನಿಮಿಷಗಳು ಎಲ್ಲಿ ಹೋದವು: ಬೆಂಗಳೂರಿನ ಹವ್ಯಾಸಿ ಬೈಕ್ ಸವಾರನ ಒಂದು ಪ್ರಕರಣ

ಮೊದಲ ರ‍್ಯಾಲಿ ಮುಗಿಸಿ ಬಂದವರನ್ನು ಯಾಕೆ ಹಿಂದೆ ಬಿದ್ದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ: ಸ್ಪೀಡ್ ಸಾಲಲಿಲ್ಲ, ಗಾಡಿಗೆ ಪವರ್ ಇರಲಿಲ್ಲ. ಟೈಮ್ ಕಾರ್ಡ್ ಮುಂದಿಟ್ಟುಕೊಂಡು ಕೂಡಿ ಕಳೆದರೆ ಈ ಉತ್ತರ ನಿಲ್ಲುವುದಿಲ್ಲ. 140 ಕಿ.ಮೀ. ಉದ್ದದ ಸ್ಪೆಷಲ್ ಸ್ಟೇಜನ್ನು, ಅಂದರೆ ಸಮಯ ಅಳೆದು ಓಡಿಸುವ ಭಾಗವನ್ನು, ಗಂಟೆಗೆ 45 ಕಿ.ಮೀ. ಸರಾಸರಿಯಲ್ಲಿ ಮುಗಿಸಲು ಸುಮಾರು 187 ನಿಮಿಷ ಬೇಕು. 50ರ ಸರಾಸರಿಗೆ 168 ನಿಮಿಷ. ಮರಳಿನಲ್ಲಿ ಸರಾಸರಿಯನ್ನು 5 ಕಿ.ಮೀ. ಏರಿಸುವುದು ಚಿಕ್ಕ ಮಾತಲ್ಲ, ವರ್ಷಗಟ್ಟಲೆ ಮೈ ಪಳಗಬೇಕು. ಅಷ್ಟು ಪಟ್ಟ ಪಾಡಿಗೆ ಉಳಿಯುವುದು 19 ನಿಮಿಷ. ಕ್ಲಚ್ ಸುಟ್ಟುಕೊಂಡು ದಿಬ್ಬದ ಮೇಲೆ ಒಮ್ಮೆ ಕೂತರೆ ಅದರ ಎರಡರಷ್ಟು ಹೋಗುತ್ತದೆ.

ಕೆಳಗಿನ ಪ್ರಕರಣ ಇದನ್ನೇ ಬಿಡಿಸಿ ನೋಡುತ್ತದೆ. ಇಲ್ಲಿನ ಸವಾರ ನಿರ್ದಿಷ್ಟ ವ್ಯಕ್ತಿಯಲ್ಲ. ನಮ್ಮ ಕಡೆಯಿಂದ ರಾಜಸ್ಥಾನಕ್ಕೆ ಹೋಗುವ ಹೊಸಬರು ಎಡವುವ ಜಾಗಗಳನ್ನು ಒಬ್ಬನ ಐದು ದಿನಕ್ಕೆ ಜೋಡಿಸಿ ಕಟ್ಟಿದ ಮಾದರಿ ಇದು, ನಿಮಿಷಗಳ ಲೆಕ್ಕವೂ ಮಾದರಿಯದೇ. ಕೆಡುವ ಬಗೆ, ಕಾರಣ, ರಿಪೇರಿಯ ಕ್ರಮ ಮಾತ್ರ ಇರುವುದು ಇದ್ದ ಹಾಗೆ.

ಸವಾರ ಮತ್ತು ಗಾಡಿ

ಪೀಣ್ಯದ ಸಿಎನ್‌ಸಿ ವರ್ಕ್‌ಶಾಪೊಂದರ ಸೂಪರ್‌ವೈಸರ್. ವಯಸ್ಸು 34, ತೂಕ 78 ಕೆ.ಜಿ. ರಜೆ ಸಿಕ್ಕಾಗಲೆಲ್ಲ ಮಾಗಡಿ, ಕುಣಿಗಲ್ ಕಡೆಯ ಮಣ್ಣುದಾರಿ ಸುತ್ತಿದವನು. ಕೋಲಾರದ ಬಳಿ ಸಿ.ಎಸ್. ಸಂತೋಷ್ ಕಟ್ಟಿದ ಡರ್ಟ್ ಪಾರ್ಕಿನಲ್ಲಿ ನಿಂತು ಓಡಿಸುವ ಪಾಠವನ್ನೂ ಕಲಿತವನು. ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಸಂತೋಷ್ ಬೆಂಗಳೂರಿನವರೇ. 2015ರಲ್ಲಿ ಅವರಿಗೆ ಸಿಕ್ಕಿದ್ದು 36ನೇ ಸ್ಥಾನ. ಅವರನ್ನು ನೋಡಿ ಆಸೆಪಟ್ಟವರು ಈ ಊರಲ್ಲಿ ಕಡಿಮೆ ಇಲ್ಲ.

ಗಾಡಿ ಹೀರೋ ಎಕ್ಸ್‌ಪಲ್ಸ್ 200 4ವಿ. ಮುಂದೆ 21, ಹಿಂದೆ 18 ಇಂಚಿನ ಕಡ್ಡಿ ಚಕ್ರ, 13 ಲೀಟರ್ ಟ್ಯಾಂಕ್. ರ‍್ಯಾಲಿ ಕಿಟ್ ಹಾಕಿಸಿದ್ದರಿಂದ ಸಸ್ಪೆನ್ಷನ್ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಮುಂದೆ 250, ಹಿಂದೆ 220 ಮಿ.ಮೀ. ಹವ್ಯಾಸಿಯ ಮೊದಲ ರ‍್ಯಾಲಿಗೆ ಇದು ಸರಿಯಾದ ಆಯ್ಕೆ ಎಂದೇ ನಮ್ಮ ಅಭಿಪ್ರಾಯ: ಬಿದ್ದರೆ ಒಬ್ಬನೇ ಎತ್ತಬಹುದು, ಭಾಗಗಳಿಗೆ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದರೆ ಸಾಕು. ಮೆಕ್ಯಾನಿಕ್ ಆಗಿ ಹೋದವನು ಗ್ಯಾರೇಜ್ ಇಟ್ಟಿರುವ ಬಾಲ್ಯದ ಗೆಳೆಯ. ಗಾಡಿಯನ್ನು ರೈಲಿನ ಪಾರ್ಸೆಲ್‌ನಲ್ಲಿ ಜೋಧಪುರಕ್ಕೆ ಕಳಿಸಿದರು. ಪಾರ್ಸೆಲ್‌ಗೆ ಹಾಕುವ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡಲೇಬೇಕು, ವಾಸನೆ ಬಂದರೂ ತೆಗೆದುಕೊಳ್ಳುವುದಿಲ್ಲ. ಲೈಸೆನ್ಸ್, ಮೆಡಿಕಲ್, ವಿಮೆಯ ಕಾಗದಗಳು ಮೊದಲೇ ಸರಿ ಇದ್ದವು.

ಸಿದ್ಧತೆಯಲ್ಲಿ ಸರಿ ಇದ್ದದ್ದು, ಇಲ್ಲದ್ದು

ಸರಿ ಇದ್ದದ್ದು ಹೆಚ್ಚು. ಬೋಲ್ಟುಗಳಿಗೆ ಥ್ರೆಡ್ ಲಾಕರ್ ಹಾಕಿ, ತಲೆಯಿಂದ ಬಾಡಿಯವರೆಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದರು. ಗೆರೆ ಮುರಿದು ಕಂಡರೆ ಬೋಲ್ಟ್ ಸಡಿಲಾಗಿದೆ ಎಂದರ್ಥ, ಸ್ಪ್ಯಾನರ್ ಹಿಡಿಯುವ ಮೊದಲೇ ಗೊತ್ತಾಗುತ್ತದೆ. ಕ್ಲಚ್ ಮತ್ತು ಥ್ರಾಟಲ್ ಕೇಬಲ್‌ಗಳ ಪಕ್ಕದಲ್ಲೇ ಹೊಸ ಕೇಬಲ್ ಎಳೆದು ಕಟ್ಟಿಟ್ಟಿದ್ದರು; ತುಂಡಾದರೆ ಎರಡು ತುದಿ ಬದಲಿಸಿದರೆ ಆಯಿತು. ಐದು ದಿನಕ್ಕೆ ಐದು ಫೋಮ್ ಏರ್ ಫಿಲ್ಟರ್, ಎಣ್ಣೆ ಹಚ್ಚಿ ಹಿಂಡಿ ಜಿಪ್ ಕವರಿನಲ್ಲಿ. ಫಿಲ್ಟರ್ ಅಂಚಿಗೆ ತೆಳ್ಳಗೆ ಗ್ರೀಸ್ ಬಳಿಯುವುದನ್ನೂ ಮರೆತಿರಲಿಲ್ಲ. ಫೋಮ್ ಎಷ್ಟೇ ಚೆನ್ನಾಗಿರಲಿ, ಅಂಚು ಸರಿಯಾಗಿ ಕೂರದಿದ್ದರೆ ಧೂಳು ಆ ಸಂದಿಯಿಂದಲೇ ಎಂಜಿನ್ ಸೇರುತ್ತದೆ.

ಚೈನ್ ವಿಚಾರದಲ್ಲಿ ಗೆಳೆಯ ಮಾಡಿದ ಕೆಲಸ ಎಲ್ಲರೂ ಕಲಿಯಬೇಕಾದದ್ದು. ಉದ್ದ ಟ್ರಾವೆಲ್ ಇರುವ ಗಾಡಿಯಲ್ಲಿ ಸ್ಟ್ಯಾಂಡಿನ ಮೇಲೆ ಅಳೆದ ಸಡಿಲವನ್ನು ನಂಬುವಂತಿಲ್ಲ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ತಿರುಗುವ ಪಿವಟ್, ಹಿಂದಿನ ಆಕ್ಸಲ್, ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಹಿಂದಿನ ಶಾಕ್‌ನ ಕೆಳ ಬೋಲ್ಟ್ ಬಿಚ್ಚಿ, ಸ್ವಿಂಗ್‌ಆರ್ಮ್ ಎತ್ತಿ ಆ ಸ್ಥಿತಿಗೆ ತಂದು, ಅಲ್ಲೂ ಬೆರಳಿಗೆ ಸ್ವಲ್ಪ ಆಡುವಷ್ಟು ಸಡಿಲ ಬಿಟ್ಟ. ಶಾಕ್ ಮತ್ತೆ ಕೂರಿಸಿ, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದಾಗ ಕಂಡ ಸಡಿಲವನ್ನು ಸ್ವಿಂಗ್‌ಆರ್ಮ್ ಮೇಲೆ ಮಾರ್ಕರ್‌ನಲ್ಲಿ ಬರೆದ. ಐದು ದಿನವೂ ಆ ಅಂಕಿಯೇ ಆಧಾರ. ಚೈನ್ ಒಂದು ಸಲವೂ ತೊಂದರೆ ಕೊಡಲಿಲ್ಲ.

ಇಲ್ಲದ್ದು ನಾಲ್ಕು. ಒಂದು, ಸ್ಯಾಗ್ (ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಅಳತೆ) ಹೊಂದಿಸಿದ್ದು ಖಾಲಿ ಗಾಡಿ, ಟೀ ಶರ್ಟ್ ಮೇಲೆ. 220 ಮಿ.ಮೀ. ಟ್ರಾವೆಲ್ಲಿಗೆ ಸವಾರ ಕೂತಾಗ ಮೂರನೇ ಒಂದು ಭಾಗ, ಅಂದರೆ 70 ಮಿ.ಮೀ. ಆಸುಪಾಸು ಕುಸಿಯಬೇಕು. ಬೂಟು, ಆರ್ಮರ್, ನೀರಿನ ಚೀಲ, ಟೂಲ್, ತುಂಬಿದ ಟ್ಯಾಂಕ್ ಎಲ್ಲ ಸೇರಿದಾಗ ಹಿಂಭಾಗ ಅದಕ್ಕಿಂತ ಕೆಳಗೆ ಕೂತಿತು. ಎರಡು, ಓಡಿದ ದೂರ ತೋರಿಸುವ ಟ್ರಿಪ್ ಮೀಟರನ್ನು ತುಮಕೂರು ರಸ್ತೆಯ ಕಿಲೋಮೀಟರ್ ಕಲ್ಲುಗಳಿಗೆ ಹೊಂದಿಸಿದ್ದು; ಆಗ ಇದ್ದ ಟಯರ್ ಬೇರೆ, ಗಾಳಿಯೂ ಬೇರೆ. ಮೂರು, ರೋಡ್ ಬುಕ್ (ದಾರಿ ತೋರಿಸುವ ಕಾಗದದ ಸುರುಳಿ) ಹೋಲ್ಡರಿನ ಬ್ರಾಕೆಟ್. ಅದರ ಕಥೆ ಮುಂದಿದೆ. ನಾಲ್ಕನೆಯದು ಹಿಂದಿನ ಚಕ್ರದ ಬೇರಿಂಗ್: ಹಳೆಯದು, ಆದರೆ ಸದ್ದಿಲ್ಲದೆ ತಿರುಗುತ್ತಿತ್ತು, ಹಾಗೇ ಬಿಟ್ಟರು.

ಮರಳಿನ ಅಭ್ಯಾಸ ಇರಲಿಲ್ಲ, ಅದು ಬೆಂಗಳೂರಿನವರ ತಪ್ಪಲ್ಲ. ನಮ್ಮಲ್ಲಿ ಕೆಮ್ಮಣ್ಣು, ಮೊರಂಬು, ಕಲ್ಲು ಇದೆ, ದಿಬ್ಬ ಇಲ್ಲ. ಹತ್ತಿರದ ಪರ್ಯಾಯ ಒಂದಿದೆ: ರಾಗಿ ಕಟಾವಾದ ಮೇಲೆ ಆಳವಾಗಿ ಉತ್ತ ಹೊಲ. ಹೊಲದವರ ಒಪ್ಪಿಗೆ ಪಡೆದು ಅಲ್ಲಿ ಎರಡನೇ ಗೇರಲ್ಲಿ ನಿಂತು ಎಂಟರ ಆಕಾರ ಹಾಕಿದರೆ, ಮುಂದಿನ ಚಕ್ರ ಅತ್ತಿತ್ತ ಈಜುವಾಗ ಥ್ರಾಟಲ್ ಬಿಡದೆ ಇರುವ ಧೈರ್ಯ ಬರುತ್ತದೆ. ಮರಳಿಗೆ ಬೇಕಾದ ಮುಖ್ಯ ಗುಣ ಅದೇ.

ಮೊದಲ ದಿನ

60 ಕಿ.ಮೀ. ಸ್ಪೆಷಲ್, ಗಟ್ಟಿ ನೆಲ. ಉಮೇದಿನಲ್ಲಿ ಧೂಳಿನೊಳಗೇ ನುಗ್ಗಿ ಓವರ್‌ಟೇಕ್ ಮಾಡಲು ಹೋಗಿ ಒಂದು ಹಳ್ಳ ಕಾಣಲಿಲ್ಲ, ಬಿದ್ದ. ಗೇರ್ ಲಿವರ್ ಬಾಗಿ ಎಂಜಿನ್ ಕೇಸಿಗೆ ಅಂಟಿತು. ಉಗುರಿನಷ್ಟು ಸಂದಿ ಮಾಡಿಕೊಂಡು ಹೊರಟ. 7 ನಿಮಿಷ. ಆದರೂ ಅವನ ಕ್ಲಾಸಿನ 22 ಜನರಲ್ಲಿ 9ನೆಯವನು. ಸಂಜೆ ಮನೆಗೆ ಫೋನ್ ಮಾಡಿ ಹೇಳಿಕೊಳ್ಳುವಂಥ ಫಲಿತಾಂಶ, ಮರುದಿನದ ಅವಸರಕ್ಕೆ ಬೀಜವೂ ಅದೇ.

ಎರಡನೇ ದಿನ: ಮರಳು

140 ಕಿ.ಮೀ. ಸ್ಪೆಷಲ್, ಅರ್ಧಕ್ಕೂ ಹೆಚ್ಚು ಮೆದು ಮರಳು. ಗಾಳಿಯನ್ನು ಮುಂದೆ 13, ಹಿಂದೆ 12 ಪಿಎಸ್‌ಐಗೆ ಇಳಿಸಿದರು. ರಿಮ್ ಲಾಕ್, ಅಂದರೆ ಟಯರನ್ನು ರಿಮ್ಮಿಗೆ ಬಿಗಿ ಹಿಡಿಯುವ ತುಂಡು, ಇಲ್ಲದೆ ಇಷ್ಟು ಕಡಿಮೆ ಗಾಳಿಯಲ್ಲಿ ಓಡಿಸಬಾರದು. ಟಯರ್ ರಿಮ್ಮಿನ ಮೇಲೆ ಜಾರಿ ಸುತ್ತಿದರೆ ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವನ್ನು ಬುಡದಿಂದ ಕೀಳುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ, ಕ್ಯಾಪಿಗೆ ಒತ್ತಿ ಬಿಡುವುದೂ ಇದಕ್ಕೇ. ವಾಲ್ವ್ ಓರೆಯಾದದ್ದು ಕಣ್ಣಿಗೆ ಬೀಳುತ್ತದೆ, ಕಿತ್ತುಹೋಗುವ ಮೊದಲು ಸ್ವಲ್ಪ ಅವಕಾಶವೂ ಸಿಗುತ್ತದೆ.

38ನೇ ಕಿಲೋಮೀಟರಿನ ದಿಬ್ಬದಲ್ಲಿ ಏರು ಮುಗಿಯುವ ಮುಂಚೆ ಥ್ರಾಟಲ್ ಬಿಟ್ಟ. ಮುಂದಿನ ಚಕ್ರ ಹೂತು ಗಾಡಿ ನಿಂತಿತು. ಇಲ್ಲಿ ಮಾಡಬೇಕಾದದ್ದು ಹೀಗೆ: ಎಂಜಿನ್ ಆಫ್ ಮಾಡಿ, ಗಾಡಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಹಿಂದಿನ ಚಕ್ರ ತೋಡಿದ ಗುಂಡಿಗೆ ಕಾಲಿನಿಂದ ಮರಳು ತಳ್ಳಿ ತುಂಬಿ, ಮುಂದಿನ ಚಕ್ರವನ್ನು ಹಿಡಿದೆಳೆದು ಮೂತಿಯನ್ನು ಇಳಿಜಾರಿನ ಕಡೆ ತಿರುಗಿಸಿ, ಎತ್ತಿ, ಕೆಳಗಿಳಿದು, ಹೊಸದಾಗಿ ಓಟ ತೆಗೆದುಕೊಳ್ಳುವುದು. ಐದಾರು ನಿಮಿಷದ ಕೆಲಸ. ಅವನು ಮಾಡಿದ್ದು ಬೇರೆ. ಮೊದಲ ಗೇರ್ ಹಾಕಿ, ಅರ್ಧ ಕ್ಲಚ್ಚಿನಲ್ಲಿ ಎಂಜಿನ್ ಅರಚಿಸುತ್ತ ಕಾಲಿನಿಂದ ಹುಟ್ಟು ಹಾಕಿದ. ದಿಬ್ಬವನ್ನೇನೋ ದಾಟಿದ. ಮುಂದಿನ ದಿಬ್ಬದಲ್ಲೂ ಅದನ್ನೇ ಮಾಡಿದ.

44ನೇ ಕಿಲೋಮೀಟರಿಗೆ ಎಂಜಿನ್ ಸದ್ದು ಏರುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಸುಟ್ಟ ಎಣ್ಣೆಯ ವಾಸನೆ. ಕಾರಣ ಸರಳ. ಅರ್ಧ ಕ್ಲಚ್ಚಿನಲ್ಲಿ ಫ್ರಿಕ್ಷನ್ ಪ್ಲೇಟ್‌ಗಳು ಸವೆದು ತೆಳ್ಳಗಾದಂತೆ ಲಿವರಿನ ಫ್ರೀ ಪ್ಲೇ (ಖಾಲಿ ಆಟ) ಕಡಿಮೆಯಾಗುತ್ತ ಸೊನ್ನೆಗೆ ಬರುತ್ತದೆ. ಆಮೇಲೆ ಲಿವರ್ ಪೂರ್ತಿ ಬಿಟ್ಟರೂ ಕೇಬಲ್ ಎಳೆದುಕೊಂಡೇ ಇರುತ್ತದೆ. ಪ್ಲೇಟ್‌ಗಳು ಒಂದನ್ನೊಂದು ಪೂರ್ತಿ ಕಚ್ಚುವುದಿಲ್ಲ, ಜಾರಿ ಇನ್ನಷ್ಟು ಬಿಸಿಯಾಗುತ್ತವೆ. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಕಾಯಿಲೆ, ನಿಲ್ಲಿಸದೆ ಗತಿಯಿಲ್ಲ. ಅವನು ಮತ್ತೂ ಎರಡು ಕಿಲೋಮೀಟರ್ ಎಳೆದ. ಕೊನೆಗೆ ಗಾಡಿಯೇ ನಿಂತಿತು.

ತಣ್ಣಗಾಗಲು ಕಾದು, ಹ್ಯಾಂಡಲಿನ ಅಡ್ಜಸ್ಟರ್ ತಿರುಗಿಸಿ ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಫ್ರೀ ಪ್ಲೇ ಮರಳಿ ತಂದ. ಎರಡನೇ ಗೇರಿನಲ್ಲಿ ಮೆಲ್ಲಗೆ ಎಳೆದು ನೋಡಿದ, ಅರೆಬರೆ ಕಚ್ಚಿತು. ಒಟ್ಟು 50 ನಿಮಿಷ. 38ರಲ್ಲೇ ಐದು ನಿಮಿಷ ಕೊಟ್ಟು ಗಾಡಿ ಮಲಗಿಸಿದ್ದರೆ ಇದರ ಹತ್ತರಲ್ಲಿ ಒಂದು ಪಾಲಿಗೆ ಮುಗಿಯುತ್ತಿತ್ತು.

ಆ 50 ನಿಮಿಷವನ್ನು ವಾಪಸು ಗಳಿಸುವ ಆತುರ ಮುಂದಿನ ಏಟಿಗೆ ದಾರಿ ಮಾಡಿತು. ರೋಡ್ ಬುಕ್ಕಿನಲ್ಲಿ ಪ್ರತಿ ತಿರುವಿಗೂ ಒಂದು ಚೌಕ: ಎಡಕ್ಕೆ ದೂರ, ನಡುವೆ ದಾರಿಯ ಚಿತ್ರ, ಬಲಕ್ಕೆ ಟಿಪ್ಪಣಿ ಮತ್ತು ಕ್ಯಾಪ್, ಅಂದರೆ ಹೋಗಬೇಕಾದ ದಿಕ್ಕಿನ ಡಿಗ್ರಿ. 61.4 ಕಿ.ಮೀ.ಯಲ್ಲಿ ಎಡ ತಿರುವು, ಕ್ಯಾಪ್ 285. ಅವನ ಟ್ರಿಪ್ ಮೀಟರ್ ನೂರಕ್ಕೆ 1.8ರಷ್ಟು ಹೆಚ್ಚು ಓದುತ್ತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ತಪ್ಪು 1.1 ಕಿ.ಮೀ. ಮೀಟರ್ 61.4 ತೋರಿಸಿದ ಜಾಗದಲ್ಲೂ ಎಡಕ್ಕೊಂದು ಒಂಟೆಗಾಡಿಯ ಜಾಡು ಇತ್ತು. ಆ ಜಾಡಿನ ದಿಕ್ಕು 240. ರೋಡ್ ಬುಕ್ 285 ಅನ್ನುತ್ತಿದೆ, ಮೀಟರಿನ ದಿಕ್ಕು 240 ಅನ್ನುತ್ತಿದೆ. 45 ಡಿಗ್ರಿ ವ್ಯತ್ಯಾಸ ಕಣ್ಣೆದುರೇ ಇತ್ತು. ಮುಂದೆ ತಿರುಗಿಕೊಳ್ಳಬಹುದು ಅಂದುಕೊಂಡು ಹೋದ.

ದಾರಿ ತಪ್ಪಿದ್ದು ಖಾತ್ರಿಯಾದಾಗ ಬಂದ ಜಾಡಿನಲ್ಲೇ ಹಿಂದಿರುಗಿ, ಕೊನೆಯದಾಗಿ ಅನುಮಾನವೇ ಇಲ್ಲದಂತೆ ಗುರುತಿಸಿದ್ದ ಚೌಕಕ್ಕೆ ಹೋಗಿ ನಿಲ್ಲಬೇಕು. ಹೊಸಬರು ಅಡ್ಡ ಹಾಯ್ದು ಸೇರಿಕೊಳ್ಳಲು ನೋಡುತ್ತಾರೆ. ಇವನೂ ನೋಡಿದ, ಮುಳ್ಳುತಂತಿಯ ಬೇಲಿ ಅಡ್ಡ ಬಂತು. ಬೇಲಿಗುಂಟ ಹೋಗಿ, ಸುತ್ತಿ, ಕೊನೆಗೆ ಹಿಂದಿರುಗಿದ. 35 ನಿಮಿಷ.

ಮೀಟರ್ ತಪ್ಪಿಗೆ ಮದ್ದು ಎರಡಿದೆ. ಸ್ಟೇಜಿಗೆ ಹಾಕುವ ಟಯರಿನಲ್ಲೇ, ಸ್ಟೇಜಿನ ಗಾಳಿಯಲ್ಲೇ, ರ‍್ಯಾಲಿಯವರು ಅಳೆದ ದೂರಕ್ಕೇ ಮೀಟರ್ ಹೊಂದಿಸುವುದು ಮೊದಲನೆಯದು. ಅದಕ್ಕಿಂತ ಮುಖ್ಯವಾದದ್ದು, ಖಚಿತವಾಗಿ ಗುರುತು ಸಿಕ್ಕ ಪ್ರತಿ ಚೌಕದಲ್ಲೂ ಮೀಟರನ್ನು ರೋಡ್ ಬುಕ್ಕಿನ ಅಂಕಿಗೆ ತಿದ್ದಿಕೊಳ್ಳುವುದು. 5 ಕಿ.ಮೀ.ಗೆ ಒಮ್ಮೆ ತಿದ್ದಿದರೆ ಇದೇ 1.8ರ ತಪ್ಪು 90 ಮೀಟರ್ ದಾಟುವುದಿಲ್ಲ. 90 ಮೀಟರಿನೊಳಗೆ ತಿರುವು ಕಣ್ಣಿಗೇ ಸಿಗುತ್ತದೆ.

ನೀರಿನ ಪಾಲೂ ಇಲ್ಲಿದೆ. ಕ್ಲಚ್ ತಣ್ಣಗಾಗಲು ಕಾಯುತ್ತ 2 ಲೀಟರಿನ ಚೀಲ ಮುಗಿಸಿದ್ದ, ಬರೀ ನೀರು. ಬೆವರಲ್ಲಿ ಹೋದ ಉಪ್ಪಿಗೆ ಬದಲಿ ಇಲ್ಲದೆ ನೀರು ಮಾತ್ರ ಕುಡಿದರೆ ತಲೆನೋವು, ಮಂಕು. ಒಂದು ಲೀಟರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು, ಅಥವಾ ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ. ಮಂಕು ಹಿಡಿದವನಿಗೆ 45 ಡಿಗ್ರಿ ವ್ಯತ್ಯಾಸ ದೊಡ್ಡದಾಗಿ ಕಾಣುವುದಿಲ್ಲ.

ಆ ರಾತ್ರಿ

ಕ್ಲಚ್ ಪ್ಲೇಟ್ ಸೆಟ್ ಪೆಟ್ಟಿಗೆಯಲ್ಲಿತ್ತು, ಆದರೆ ಒಣಗಿದ್ದು. ಫ್ರಿಕ್ಷನ್ ಪ್ಲೇಟ್‌ಗಳನ್ನು ಹಾಕುವ ಮೊದಲು ಎಂಜಿನ್ ಆಯಿಲ್‌ನಲ್ಲಿ ಕೆಲವು ಗಂಟೆ ನೆನೆಸಬೇಕು. ಹೊರಡುವ ದಿನವೇ ನೆನೆಸಿ ಜಿಪ್ ಕವರಿನಲ್ಲಿ ಇಟ್ಟಿದ್ದರೆ ರಾತ್ರಿ ಕಾಯುವ ಕೆಲಸವಿರಲಿಲ್ಲ. ನೆನೆಯುವವರೆಗೆ ಸುಟ್ಟ ಆಯಿಲ್ ಇಳಿಸಿದರು. ಬಲಗಡೆಯ ಕವರ್ ಬಿಚ್ಚಿದಾಗ ಸ್ಟೀಲ್ ಪ್ಲೇಟ್‌ಗಳು ನೀಲಿಗಟ್ಟಿದ್ದವು. ನೀಲಿಯಾದದ್ದು ಡೊಂಕಾಗಿರುವ ಸಾಧ್ಯತೆ ಹೆಚ್ಚು. ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿದರೆ ಗೊತ್ತಾಗುತ್ತದೆ. ಅವನ್ನೂ ಬದಲಿಸಿದರು.

ಈ ನಡುವೆ ಸವಾರ ಮರುದಿನದ ರೋಡ್ ಬುಕ್ಕಿಗೆ ಬಣ್ಣ ಹಚ್ಚುತ್ತಿದ್ದ: ಅಪಾಯಕ್ಕೆ ಕೆಂಪು, ದಿಕ್ಕು ಬದಲಾಗುವಲ್ಲಿ ಹಳದಿ, ವೇಗಮಿತಿಯ ವಲಯ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ ನೀಲಿ. ಒಂದೂವರೆ ಗಂಟೆಯ ಕೆಲಸ. ಕಾಗದ ಎಡೆಬಿಡದೆ ಉರುಳುವಾಗ ಓದಲು ಪುರುಸೊತ್ತು ಇರುವುದಿಲ್ಲ, ಬಣ್ಣವೇ ಮಾತಾಡಬೇಕು.

ಕ್ಲಚ್ ಮುಗಿದಾಗ ರಾತ್ರಿ ಒಂದು ದಾಟಿತ್ತು. ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ ಗೆಳೆಯ, "ಗುರು, ಬೇರಿಂಗ್ ಸ್ವಲ್ಪ ಆಡ್ತಾ ಇದೆ ಕಣೋ" ಅಂದ. "ಎಷ್ಟು?" "ಜಾಸ್ತಿ ಏನಿಲ್ಲ." "ನಾಳೆ ಒಂದ್ ದಿನ ತಡಿಯತ್ತೆ ಬಿಡು ಮಗಾ, ಮಲ್ಕೊಳೋಣ."

ಇದನ್ನು ಸೋಮಾರಿತನ ಅನ್ನಲಾಗದು. ನಿದ್ದೆಯೂ ಒಂದು ಬಿಡಿಭಾಗವೇ, ಅವನಿಗೆ ಉಳಿದಿದ್ದದ್ದು ಮೂರೂವರೆ ಗಂಟೆ. ತಪ್ಪಾದದ್ದು ಸರದಿಯಲ್ಲಿ: ಪ್ಲೇಟ್ ನೆನೆಯುತ್ತಿದ್ದ ಖಾಲಿ ಹೊತ್ತಿನಲ್ಲೇ ಚಕ್ರ ಅಲ್ಲಾಡಿಸಿ ನೋಡಬೇಕಿತ್ತು. ಕಡ್ಡಿ, ಬೇರಿಂಗ್, ಬ್ರೇಕ್ ಪ್ಯಾಡ್ ನೋಡಲು ಕಾಲು ಗಂಟೆ ಬೇಡ.

ಮೂರನೇ ದಿನ: ಕಲ್ಲು

ಜೈಸಲ್ಮೇರ್ ಸುತ್ತ ಬರೀ ಮರಳಿಲ್ಲ, ಚೂಪು ಕಲ್ಲು ಹಾಸಿದ ಬಯಲೂ ಸಾಕಷ್ಟಿದೆ. ಅಲ್ಲಿಗೆ 18ರಿಂದ 20 ಪಿಎಸ್‌ಐ ಬೇಕು. ಬೆಳಗಿನ ಗಡಿಬಿಡಿಯಲ್ಲಿ ಹಿಂದಿನ ದಿನದ 13 ಹಾಗೇ ಉಳಿದಿತ್ತು. 25 ಕಿ.ಮೀ. ಆಗುವಷ್ಟರಲ್ಲಿ ಮುಂದಿನ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಯಿತು, ಹಾವು ಕಚ್ಚಿದ ಗುರುತಿನ ಹಾಗೆ. ಮುಳ್ಳು ಚುಚ್ಚಿದರೆ ಒಂದೇ ತೂತು. ಎರಡು ಕಂಡರೆ ಗಾಳಿ ಸಾಲದು ಎಂದು ಅಲ್ಲೇ ತೀರ್ಮಾನಿಸಬಹುದು.

ಅವನ ಬಳಿ 21 ಇಂಚಿನ ದಪ್ಪ ಟ್ಯೂಬ್ ಒಂದೇ ಇತ್ತು, ಅದು ಸರಿಯಾದ ನಿರ್ಧಾರ. ತುರ್ತಿಗೆ ಮುಂದಿನ ಟ್ಯೂಬನ್ನು 18ರ ಹಿಂದಿನ ಚಕ್ರದಲ್ಲೂ ತುರುಕಬಹುದು, ಹಿಂದಿನದನ್ನು ಮುಂದೆ ಹಾಕಲು ಬರುವುದಿಲ್ಲ. ರಿಮ್ ಲಾಕ್ ನಟ್ ಸಡಿಲಿಸಿ, ಟಯರಿನ ಅಂಚನ್ನು ಮಂಡಿಯಿಂದ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ, ಎದುರು ಬದಿಯಿಂದ ಲಿವರ್ ಹಾಕಬೇಕು. ಅವನು ಒತ್ತದೆ ಬರೀ ಲಿವರಿಗೆ ಬಲ ಹಾಕಿದ. ಹಾಕುವಾಗ ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿಯನ್ನೂ ತುಂಬಲಿಲ್ಲ. ಮಡಿಕೆ ಬಿದ್ದ ಟ್ಯೂಬ್ ಲಿವರಿನ ತುದಿಗೆ ಸಿಕ್ಕಿ ಹರಿಯಿತು, ಪ್ಯಾಚ್ ಹಾಕಿ ಮತ್ತೆ ಮೊದಲಿಂದ. 32 ನಿಮಿಷ. ಮನೆಯ ಅಂಗಳದಲ್ಲಿ ನಾಲ್ಕೈದು ಸಲ ಮಾಡಿ ಕೈಪಳಗಿದವನಿಗೆ 15 ನಿಮಿಷ ಸಾಕು.

ಇನ್ನು ಬ್ರಾಕೆಟ್. ಮಷಿನ್ ಶಾಪಿನವನಾದ್ದರಿಂದ ತಾನೇ ಮಾಡಿಕೊಂಡದ್ದು, 3 ಮಿ.ಮೀ. ಅಲ್ಯೂಮಿನಿಯಂ ತಗಡು, ನೋಡಲು ಫ್ಯಾಕ್ಟರಿ ಮಾಲಿನಷ್ಟೇ ಅಂದ. ಆದರೆ 90 ಡಿಗ್ರಿ ಬಾಗನ್ನು ಚೂಪಾಗಿ ಒತ್ತಿದ್ದ. ಗಟ್ಟಿ ದರ್ಜೆಯ ಅಲ್ಯೂಮಿನಿಯಮ್ಮನ್ನು ಹಾಗೆ ಬಗ್ಗಿಸಿದರೆ ಹೊರ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಅಲ್ಲೇ ಹುಟ್ಟಿಕೊಂಡಿರುತ್ತದೆ. ಹೋಲ್ಡರ್, ಎರಡು ಮೀಟರ್ ಸೇರಿದ ತೂಕ ಕಲ್ಲುದಾರಿಯಲ್ಲಿ ಗಂಟೆಗಟ್ಟಲೆ ಅದುರಿದರೆ ಬಿರುಕು ಬೆಳೆಯದೆ ಇರುತ್ತದೆಯೇ? 70 ಕಿ.ಮೀ.ಗೆ ಬಾಗಿನಲ್ಲೇ ತುಂಡಾಗಿ ರೋಡ್ ಬುಕ್ ವೈರಿನಲ್ಲಿ ನೇತಾಡಿತು. ಎರಡು ಹೋಸ್ ಕ್ಲಾಂಪ್ ಹಾಕಿ, ತೂತಾದ ಹಳೆಯ ಟ್ಯೂಬನ್ನೇ ಪಟ್ಟಿ ಕತ್ತರಿಸಿ ಬಿಗಿದು ಸುತ್ತಿದ. 22 ನಿಮಿಷ. ಬಾಗಿನ ಒಳಸುತ್ತನ್ನು ತಗಡಿನ ದಪ್ಪದ ಮೂರು ಪಟ್ಟಾದರೂ ಅಗಲ ಬಿಟ್ಟು, ಬುಡಕ್ಕೆ ರಬ್ಬರ್ ಬುಷ್ ಕೊಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. 2 ಮಿ.ಮೀ. ಸ್ಟೀಲ್ ಇನ್ನೂ ವಾಸಿ, ತೂಕ ಸ್ವಲ್ಪ ಹೆಚ್ಚಾದರೆ ಆಗಲಿ. ಸ್ಟೀಲ್ ಆದರೆ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲೂ ಅಂಟಿಸಿಕೊಡುತ್ತಾರೆ.

ಸ್ಪೆಷಲ್ ಮುಗಿಸಿ ಲಿಯಾಸನ್‌ನ, ಅಂದರೆ ಸ್ಪೆಷಲ್ಲಿನಿಂದ ಕ್ಯಾಂಪಿಗೆ ಸೇರಿಸುವ, ಟಾರ್ ರಸ್ತೆಗೆ ಬಂದ ಮೇಲೆ ಬೇರಿಂಗ್ ತನ್ನ ಮಾತು ಹೇಳಿತು. ಹಿಂಭಾಗ ಓಲಾಡತೊಡಗಿ, ಗಂಟೆಗೆ 20ರ ವೇಗದಲ್ಲಿ ಕ್ಯಾಂಪಿಗೆ ಬಂದ. ಟೈಮ್ ಕಂಟ್ರೋಲಿಗೆ (ಹಾಜರಿ ಹಾಕುವ ಠಾಣೆ) 15 ನಿಮಿಷ ತಡ. ತಡಕ್ಕೆ ಎಷ್ಟು ದಂಡ ಎನ್ನುವುದು ಆಯಾ ರ‍್ಯಾಲಿಯ ನಿಯಮ, ಇಲ್ಲಿ ನಿಮಿಷಕ್ಕೆ ನಿಮಿಷ. ಬೇರಿಂಗ್ ಬದಲಿಸಲು ಬೇಕಾದದ್ದು ಕೇವಲ 40 ನಿಮಿಷ. ಹೊಸದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಹಬ್ಬನ್ನು ಸ್ಟೌವ್ ಮೇಲೆ ಹಿಡಿದು ಬಿಸಿ ಮಾಡಿ, ಹಳೆಯ ಬೇರಿಂಗನ್ನೇ ಅಡ್ಡ ಕೊಟ್ಟು ಹೊರ ರಿಂಗಿನ ಮೇಲೆ ಮಾತ್ರ ಸುತ್ತಿಗೆ ಬಡಿದು ಕೂರಿಸಿದರು. ಒಳ ರಿಂಗಿಗೆ ಬಡಿದರೆ ಹೊಸ ಬೇರಿಂಗೂ ಆಗಲೇ ಕೆಟ್ಟಂತೆ.

ಉಳಿದ ಎರಡು ದಿನ

ನಾಲ್ಕನೇ ದಿನ ಅವನ ಒಳ್ಳೆಯ ದಿನ, ಹೇಳಿಕೊಳ್ಳಲು ಘಟನೆಗಳೇ ಇಲ್ಲ. ಶಾಕ್‌ನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಏರಿಸಿ, ಪೂರ್ತಿ ಸಾಮಾನಿನೊಂದಿಗೆ ಸ್ಯಾಗ್ ಸರಿ ಮಾಡಿದ್ದರು. ಮುಂದಿನ ಚಕ್ರ ತಿರುವುಗಳಲ್ಲಿ ಹೊರಕ್ಕೆ ಜಾರುವುದು ನಿಂತಿತು. ಗಾಳಿ ಸರಿ, ಮೀಟರ್ ಸರಿ, ಚೀಲದಲ್ಲಿ ಓಆರ್‌ಎಸ್. ದಿಬ್ಬದಲ್ಲಿ ಎರಡು ಸಲ ಹೂತಾಗಲೂ ಒಡನೆ ಮಲಗಿಸಿದ, ಎರಡೂ ಸೇರಿ 11 ನಿಮಿಷ. ಎಲ್ಲೂ ಮೊದಲ ದಿನದಷ್ಟು ಜೋರು ಓಡಿಸಲಿಲ್ಲ, ಆದರೂ ಆ ದಿನದ ಲೆಕ್ಕದಲ್ಲಿ 7ನೆಯವನಾದ. ಐದನೇ ದಿನ 40 ಕಿ.ಮೀ. ಚಿಕ್ಕ ಸ್ಟೇಜ್, ಮುಗಿಸಿದ. 22ರಲ್ಲಿ 17 ಗಾಡಿಗಳು ಕೊನೆ ಮುಟ್ಟಿದವು, ಇವನು 14ನೆಯವನು.

ಲೆಕ್ಕ

ಕ್ಲಾಸಿನ ನಡುವಿನ ಸವಾರನಿಗಿಂತ ಒಟ್ಟು 190 ನಿಮಿಷ ಹಿಂದೆ. ಇದರಲ್ಲಿ ಬಿದ್ದದ್ದು 7, ಕ್ಲಚ್ 50, ದಾರಿ ತಪ್ಪಿದ್ದು 35, ಪಂಕ್ಚರ್ 32, ಬ್ರಾಕೆಟ್ 22, ಬೇರಿಂಗ್ 15: ಕೂಡಿದರೆ 161. ನಾಲ್ಕನೇ ದಿನ ಹೂತದ್ದರ 11 ಸೇರಿಸಿದರೂ ನಿಧಾನ ಓಡಿಸಿದ್ದಕ್ಕೆ ಹೋದದ್ದು 29 ನಿಮಿಷ ಮಾತ್ರ. ಊರಿಗೆ ಬಂದವನೇ ಮೊದಲು ವಿಚಾರಿಸಿದ್ದು ಪವರ್ ಹೆಚ್ಚಿಸುವ ದೊಡ್ಡ ಬೋರ್ ಕಿಟ್ಟಿನ ಬೆಲೆಯನ್ನು. ಗೆಳೆಯ ಈ ಲೆಕ್ಕ ತೋರಿಸಿ ಬಾಯಿ ಮುಚ್ಚಿಸಿದ. ಅದೇ ದುಡ್ಡಿನ ಒಂದು ಪಾಲಿಗೆ ಎರಡು ಚಕ್ರದ ಬೇರಿಂಗ್, ಎರಡು ಕ್ಲಚ್ ಸೆಟ್, ಮೂರು ದಪ್ಪ ಟ್ಯೂಬ್ ಬರುತ್ತವೆ.

ಬೆಂಗಳೂರಿನಲ್ಲಿ ಗಾಡಿ ಪೂರ್ತಿ ಬಿಚ್ಚಿದಾಗ ಏರ್ ಫಿಲ್ಟರಿನ ಒಳಬದಿಯ ಪೈಪಿನಲ್ಲಿ ಬೆರಳಾಡಿಸಿದರೆ ಧೂಳು ಅಂಟಲಿಲ್ಲ. ಅಂದರೆ ದಿನಕ್ಕೊಂದು ಫಿಲ್ಟರ್, ಅಂಚಿನ ಗ್ರೀಸ್ ಎರಡೂ ಕೆಲಸ ಮಾಡಿದ್ದವು, ಪಿಸ್ಟನ್ ಮುಟ್ಟಬೇಕಾಗಲಿಲ್ಲ. ಎರಡನೇ ದಿನ ಹಾಕಿದ ಕ್ಲಚ್ ಪ್ಲೇಟ್‌ಗಳು ಕೈಪಿಡಿಯ ಮಿತಿಯೊಳಗೇ ಇದ್ದವು. ಮುಂದಿನ ಸ್ಪ್ರಾಕೆಟ್ಟಿನ ಹಲ್ಲು ಒಂದು ಕಡೆಗೆ ವಾಲಿತ್ತು, ಚೈನ್ ಜೊತೆ ಅದನ್ನೂ ಬದಲಿಸಿದರು. ಹೆಚ್ಚು ಕಾಡಿದ್ದು ಸ್ವಿಂಗ್‌ಆರ್ಮ್ ಪಿವಟ್ ಬೋಲ್ಟ್: ಕ್ಯಾಂಪಿನಲ್ಲಿ ಪ್ರತಿ ಸಂಜೆ ಪ್ರೆಷರ್ ವಾಷರಿನಲ್ಲಿ ತೊಳೆದದ್ದರಿಂದ ನೀರು, ಮರಳು ಒಳ ಸೇರಿ ತುಕ್ಕು ಹಿಡಿದು, ತಾಮ್ರದ ಸುತ್ತಿಗೆಯಲ್ಲಿ ಅರ್ಧ ದಿನ ಬಡಿಸಿಕೊಂಡ ಮೇಲೆ ಹೊರಬಂತು. ಮುಂದಿನ ಸಲ ಹೊರಡುವ ಮುಂಚೆ ಅದನ್ನು ಬಿಚ್ಚಿ ವಾಟರ್‌ಪ್ರೂಫ್ ಗ್ರೀಸ್ ತುಂಬಬೇಕು, ಕ್ಯಾಂಪಿನಲ್ಲಿ ನೀರಿನ ಬದಲು ಬ್ರಷ್ಷಿನಲ್ಲೇ ಒರೆಸಬೇಕು.